ಝಳಕಿಯವನಿಗೆ ಮಾರಿದ ಎಮ್ಮೆ

ಒಂದು ಎಮ್ಮೆಯನ್ನು ಮನೆಯಿಂದ ಹೊರಗೆ ಹಾಕುವುದು ನನಗೆ ಕಷ್ಟದ ಕೆಲಸವೆಂದು ಅನಿಸಿರಲಿಲ್ಲ. ಅದರಲ್ಲೂ ಆ ಎಮ್ಮೆ ಇರಲೇ ಇಲ್ಲ. ನಾನು ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುವವಳು. ಇಲ್ಲದ ‘ಎಕ್ಸ್’ ಅನ್ನು ಇದೆಯೆಂದು ಹಿಡಿದುಕೊಂಡು, ಬೋರ್ಡಿನ ತುಂಬ ಓಡಾಡಿಸಿ, ಕೊನೆಗೆ ಅದರ ಬೆಲೆ ಕಂಡುಹಿಡಿದು ಕೈತೊಳೆದುಕೊಳ್ಳುವುದೇ ನನ್ನ ಉದ್ಯೋಗ. ಅಂಥವಳಿಗೆ ಇಲ್ಲದ ಎಮ್ಮೆ ಯಾವ ಲೆಕ್ಕ!

ಎಮ್ಮೆ ನನ್ನ ಮಗಳದು. ಹೆಸರು ಸುಂದ್ರವ್ವ. ಅಂದರೆ ಎಮ್ಮೆಯ ಹೆಸರು ಸುಂದ್ರವ್ವ. ಎಲ್‌ಕೆಜಿಗೆ ಹೋಗುವ ಮಗಳ ಹೆಸರು ಸನ್ನಿಧಿ.

ಮುದ್ದೇಬಿಹಾಳದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ಮಾಲೀಕರ ಎಮ್ಮೆಗಳಿದ್ದವು. ಸನ್ನಿಧಿ ನಡೆಯಲು ಕಲಿತದ್ದು ಅವುಗಳ ಸುತ್ತ. ಊಟ ಮಾಡುತ್ತಿದ್ದದ್ದು ಅವುಗಳ ಎದುರಿಗೆ. ಮಾಲೀಕರ ಮೊಮ್ಮಕ್ಕಳೇ ಅವಳ ಗೆಳತಿಯರು. ಕಳೆದ ಜೂನ್‌ನಲ್ಲಿ ನನಗೆ ಸಿಂದಗಿಗೆ ವರ್ಗವಾಯಿತು. ಹೊಸ ಬಡಾವಣೆ, ಹೊಸ ಮನೆ, ಸಿಮೆಂಟಿನ ಅಂಗಳ, ಕಬ್ಬಿಣದ ಗೇಟು. ಟೆಂಪೋದಿಂದ ಸಾಮಾನೆಲ್ಲ ಇಳಿಸಿದ ಮೇಲೆ ಕೊನೆಗೆ ಸನ್ನಿಧಿ ಇಳಿದಳು. ಬರಿಗೈಯನ್ನು ಹಗ್ಗ ಹಿಡಿದಂತೆ ಮುಂದೆ ಚಾಚಿಕೊಂಡು, ಹಿಂದಕ್ಕೆ ತಿರುಗಿ, “ಹಗೂರಕ ಇಳಿ ಸುಂದ್ರವ್ವ, ಕಾಲ ಜಾರತಾವ” ಎಂದಳು.

ನಾನು ನಕ್ಕೆ. ಅಂದು ನಕ್ಕದ್ದೇ ಕೊನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಶಾಲೆಯ ಮಿಸ್ ನನ್ನನ್ನು ಕರೆಸಿದರು.

“ಅಭ್ಯಾಸದಾಗ ಚಲೋ ಅದಾಳ್ರಿ. ಆದ್ರ ಯಾರ ಜೋಡೀನೂ ಕೂಡಂಗಿಲ್ಲ. ಯಾರರ ಬಾಜೂಕ ಕುಂದ್ರಾಕ ಹ್ವಾದ್ರ, ಇಲ್ಲಿ ಎಮ್ಮಿ ಮಲಗೈತಿ, ಸರದು ಕುಂದ್ರು ಅಂತಾಳ.”

“ಎಮ್ಮಿ ಇಲ್ರಿ ಮಿಸ್” ಎಂದೆ ನಾನು.

“ಅದು ನನಗೂ ಗೊತ್ತೈತ್ರಿ” ಎಂದರು ಮಿಸ್.

ಆ ಶನಿವಾರವೇ ಶಾಲೆಯಲ್ಲಿ ತಂದೆತಾಯಿಗಳ ಸಭೆ ಇತ್ತು. ವಿಜಯಪುರದಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಮಕ್ಕಳ ಸೃಜನಶೀಲತೆ, ಭಾವನಾತ್ಮಕ ಬುದ್ಧಿವಂತಿಕೆ ಮತ್ತು ಸಾಮಾಜಿಕ ಕೌಶಲಗಳ ಬಗ್ಗೆ ಮಾತನಾಡಿದರು. ಮಕ್ಕಳು ಒಬ್ಬರೊಡನೊಬ್ಬರು ಬೆರೆಯಬೇಕು, ಹಂಚಿಕೊಂಡು ಆಡಬೇಕು, ಎದುರಿಗಿದ್ದವರ ಮನಸ್ಸು ತಿಳಿಯಬೇಕು ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. “ಇದಕ್ಕೆ ಮಗುವಿನ ಕಲ್ಪನೆ ಹೇಗೆ ನೆರವಾಗುತ್ತದೆ ಎಂಬುದನ್ನು ಚಹಾ ನಂತರ ನೋಡೋಣ” ಎಂದು ಅವರು ಹೇಳಿದಾಗ ನಾನು ಚಹಾ ಕುಡಿದು ಎದ್ದು ಬಂದೆ. ಸಮಸ್ಯೆ ಇಂಥದ್ದೆಂದು ತಿಳಿದ ಮೇಲೆ ಲೆಕ್ಕವನ್ನು ನಾವೇ ಬಿಡಿಸಬಲ್ಲೆವು ಎಂಬ ಧೈರ್ಯ ಗಣಿತದವರಿಗೆ ಇದ್ದೇ ಇರುತ್ತದೆ.

ಮೊದಲ ಪ್ರಯತ್ನ ತರ್ಕದ್ದು.

“ಸನ್ನಿ, ಎಲ್ಲೈತಿ ನಿನ್ನ ಎಮ್ಮಿ? ತೋರಸು ನೋಡೂಣು.”

ಅವಳು ನನ್ನ ಕಾಲಿನ ಕಡೆ ನೋಡಿ ಗಾಬರಿಯಾದಳು. “ಅವ್ವ, ಬಾಲದ ಮ್ಯಾಲ ನಿಂತೀಯಲ್ಲ!”

ನಾನು ಹಾರಿ ಪಕ್ಕಕ್ಕೆ ನಿಂತೆ. ತರ್ಕ ಅಲ್ಲಿಗೆ ಮುಗಿಯಿತು.

ಎರಡನೆಯ ಪ್ರಯತ್ನಕ್ಕೆ ನಮ್ಮ ಓಣಿಯ ಮಕ್ಕಳನ್ನೆಲ್ಲ ಮನೆಗೆ ಕರೆದೆ. ಕುರ್ಚಿಗಳನ್ನು ವರ್ತುಲಾಕಾರವಾಗಿ ಹಾಕಿದೆ. ಎಲ್ಲರೂ ಎದ್ದು ನಿಂತು ಹೆಸರು ಹೇಳಬೇಕು, ಪಕ್ಕದವರಿಗೆ ಬಿಸ್ಕಿಟ್ ಕೊಡಬೇಕು, ಪಡೆದವರು ಧನ್ಯವಾದ ಹೇಳಬೇಕು ಎಂದು ವಿಧಿಸಿದೆ. ಸಾಮಾಜಿಕ ಕೌಶಲ ಬೆಳೆಯತೊಡಗಿತು ಎಂದುಕೊಳ್ಳುತ್ತಿರುವಾಗಲೇ ಎದುರು ಮನೆಯ ಭಾಗ್ಯ ಕೈ ಎತ್ತಿದಳು. ಎರಡನೇ ತರಗತಿಯವಳು, ಓಣಿಯ ಮಕ್ಕಳಿಗೆಲ್ಲ ಅವಳೇ ಮುಖ್ಯಸ್ಥೆ.

“ಟೀಚರ್, ನಿಮ್ಮ ಮನ್ಯಾಗ ಎಮ್ಮಿ ಐತಂತಲ್ರಿ, ಎಲ್ಲೈತ್ರಿ?”

ಸನ್ನಿಧಿಯ ಮುಖ ಅರಳಿತು. ಕುರ್ಚಿಯಿಂದ ಜಿಗಿದು ಬಾಯಿ ತೆರೆದಳು. ಅಷ್ಟರಲ್ಲಿ ನಾನು, “ಎಮ್ಮಿ ಗಿಮ್ಮಿ ಏನೂ ಇಲ್ಲ. ಸುಮ್ನ ಕುಂದ್ರು. ಮುಂದಿನವರು ಹೆಸರ ಹೇಳ್ರಿ” ಎಂದೆ. ಅವಳು ಮತ್ತೆ ಕುರ್ಚಿ ಹತ್ತಿ ಕುಳಿತಳು. ಮಕ್ಕಳು ಬಿಸ್ಕಿಟ್ ತಿಂದರು, ಧನ್ಯವಾದ ಎಂದರು, ಹೋದರು. ಆಮೇಲೆ ಯಾರೂ ಬರಲಿಲ್ಲ. ಸನ್ನಿಧಿಗೂ ಆ ಮಕ್ಕಳಿಗೂ ನಡುವಿನ ಬಾಗಿಲು ತೆರೆದದ್ದು ಯಾವ ಗಳಿಗೆಯಲ್ಲಿ, ಅದನ್ನು ಮುಚ್ಚಿದವರು ಯಾರು ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಮೂರನೆಯದು ಕ್ರಾಂತಿಕಾರಿ ಪ್ರಯತ್ನ. ಇಲ್ಲದ ಎಮ್ಮೆಯನ್ನು ಇಲ್ಲ ಎಂದರೆ ಮಗು ಒಪ್ಪುತ್ತಿಲ್ಲ. ಹಾಗಾದರೆ ಇದೆ ಎಂದು ಒಪ್ಪಿಕೊಂಡು, ಮಾರಿಬಿಟ್ಟರೆ? ನನ್ನ ಬುದ್ಧಿಗೆ ನಾನೇ ಬೆರಗಾದೆ! ಒಂದು ಶನಿವಾರ ಸಂಜೆ ರೊಟ್ಟಿ ಬಡಿಯುತ್ತ, ಸಹಜವಾದ ದನಿಯಲ್ಲಿ ಹೇಳಿದೆ.

“ಸನ್ನಿ, ಇವತ್ತ ಸುಂದ್ರವ್ವನ್ನ ಮಾರಿದೆ. ಝಳಕಿಯವ ಒಬ್ಬ ಬಂದಿದ್ದ. ಒಯ್ದ.”

ಊಟಕ್ಕೆ ಕುಳಿತಿದ್ದ ನನ್ನ ಗಂಡ ಕೈಯಲ್ಲಿದ್ದ ರೊಟ್ಟಿ ತುಂಡನ್ನು ತಾಟಿಗೆ ಹಾಕಿ ನನ್ನನ್ನು ನೋಡಿದರು. ಅವರು ಬೀಜದ ಕಂಪನಿಯ ಪ್ರತಿನಿಧಿ. ಇಂಡಿ, ಬಾಗೇವಾಡಿ, ಝಳಕಿ ಎಂದು ಬೈಕಿನ ಮೇಲೆ ತಿರುಗುವವರು. ಝಳಕಿಯ ಹೆಸರು ನನ್ನ ಬಾಯಿಗೆ ಬಂದದ್ದೂ ಅವರ ಮಾತಿನಿಂದಲೇ.

ಸನ್ನಿಧಿ ಅಳಲಿಲ್ಲ. ಅಂಗಳಕ್ಕೆ ಹೋಗಿ ನೋಡಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು.

“ಅವ್ವ, ಹೋಗೂ ಮುಂದ ಅದು ಅತ್ತಿತೇನು?”

ಮಗುವಿಗೆ ಸಮಾಧಾನವಾಗಲಿ ಎಂದು ನಾನು ಬಹಳ ಯೋಚಿಸಿ ಉತ್ತರ ಕೊಟ್ಟೆ. “ಇಲ್ಲವ್ವ. ನಕ್ಕೋತ ಹೋತು.”

ಅವಳು ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದಳು.

“ಹಂಗಾದ್ರ ಅದಕ್ಕ ನಾ ಬ್ಯಾಡಾಗಿದ್ದೆ.”

ಹಂಚಿನ ಮೇಲಿನ ರೊಟ್ಟಿ ಸೀಯಿತು. ಆ ರಾತ್ರಿ ಅವಳು ಉಣ್ಣಲಿಲ್ಲ. ನಾನು ಉಂಡೆ ಎಂದು ಹೇಳಿದರೆ ಅದೂ ಸುಳ್ಳಾದೀತು.

“ಇದ್ದೂರ ಬಿಡಿಸಿದಿವಿ, ಗೆಳತೇರ್‍ನ ಬಿಡಿಸಿದಿವಿ” ಎಂದರು ಗಂಡ, ಕೈ ತೊಳೆಯುತ್ತ. “ಕೂಸು ಅಲ್ಲಿಂದ ತನ್ನದಂತ ಒಂದ ತಂದಿತ್ತು. ಅದನ್ನೂ ಮಾರಿದಿ.”



ಮರುದಿನ ರವಿವಾರ. ಗಂಡ ಬೆಳಿಗ್ಗೆಯೇ ಇಂಡಿಗೆ ಹೋದರು. ಸನ್ನಿಧಿ ಗೇಟಿನ ಹತ್ತಿರದ ಮೆಟ್ಟಿಲ ಮೇಲೆ ಕುಳಿತು, ಕೊನೆಗೂ ಅಳತೊಡಗಿದಳು. ಅದೇ ಹೊತ್ತಿಗೆ ಓಣಿಯ ತುದಿಮನೆಯ ಶಾಂತಕ್ಕ ಹಾಲಿನ ಪಾಕೀಟು ಹಿಡಿದು ಬಂದರು. ಬಾಗೇವಾಡಿಯಲ್ಲಿರುವ ಮಗಳ ಬಾಣಂತನ ಮುಗಿಸಿ ಆಗಷ್ಟೇ ಊರಿಗೆ ಮರಳಿದವರು. ನಮ್ಮ ಮನೆಯೊಳಗೆ ಇನ್ನೂ ಕಾಲಿಟ್ಟಿರಲಿಲ್ಲ. ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಏನೋ ಕೇಳಿದರು. ಅವಳು ಏನೋ ಹೇಳಿದಳು. ಆಮೇಲೆ ಒಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಟೀಚರ್, ನಿಮ್ಮ ಎಮ್ಮಿ ಹೋತಂತಲ್ರಿ! ಝಳಕಿಯವ ಒಯ್ದಾನಂತ!”

ಎಂಥ ಹೆಣ್ಣುಮಗಳು! ಮಗುವಿನ ಆಟದೊಳಗೆ ಎಷ್ಟು ಸಹಜವಾಗಿ ಕಾಲಿಟ್ಟಿದ್ದಾರೆ! ಇದೇ ಇರಬೇಕು ಭಾವನಾತ್ಮಕ ಬುದ್ಧಿವಂತಿಕೆ ಎಂದುಕೊಂಡೆ. ನಿನ್ನೆ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಇದೇ ಸಂದರ್ಭ. ನಾನೂ ದನಿಗೆ ಸಾಕಷ್ಟು ದುಃಖ ಬೆರೆಸಿದೆ.

“ಹೌದ್ರಿ ಶಾಂತಕ್ಕ. ಹೋತ್ರಿ.”

“ಹಾಲ ಹಿಂಡತಿತ್ತೇನ್ರಿ?”

“ಏನ ಹೇಳಲ್ರಿ! ಕೊಡ ತುಂಬತಿತ್ರಿ!”

“ಗುರ್ತು ಏನೈತ್ರಿ?”

“ಹಣಿ ಮ್ಯಾಲ ಬಿಳಿ ಚುಕ್ಕಿ. ಎಡಗಡೆ ಕೋಡು ಡೊಂಕ.” ಇದು ಸನ್ನಿಧಿ ದಿನಾ ಹೇಳುತ್ತಿದ್ದ ವರ್ಣನೆ. “ಹೆಸರ ಹಿಡದ ಕರದ್ರ ಓ ಅಂತಿತ್ರಿ. ಮನಿ ಮಗಳಿದ್ದಂಗ ಇತ್ತು.”

ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಹಾ, ಏನು ಅಭಿನಯ! ನಾನೂ ಸೆರಗು ಎತ್ತಿಕೊಂಡು ಕಣ್ಣಿಗೆ ಒತ್ತಿದೆ. ಅವರನ್ನು ಗೇಟಿನವರೆಗೆ ಕಳಿಸಿ ಬಂದು, ಆ ವಿಜಯಪುರದ ಹೆಣ್ಣುಮಗಳು ನನ್ನನ್ನು ಈಗ ನೋಡಬೇಕಿತ್ತು ಎಂದು ಹೆಮ್ಮೆಪಟ್ಟುಕೊಂಡೆ.

ಮಧ್ಯಾಹ್ನ ಗಂಡನ ಫೋನ್ ಬಂತು.

“ಸುಜಾತಾ, ನಮ್ಮದು ಎಮ್ಮಿ ಕಳುವಾಗೈತೇನು?”

“ಯಾಕ್ರೀ?”

“ಮುಂಜಾನಿಂದ ಒಂದ ಸವನ ಫೋನ್ ಬರಾಕತ್ತಾವ. ಗುರ್ತಿನ ಸಮೇತ ವಾಟ್ಸ್ಯಾಪ್‌ನ್ಯಾಗ ಹಾಕ್ಯಾರ. ಹೂವಿನ ಹಿಪ್ಪರಗಿಂದ ಅಣ್ಣ ಮಾಡಿದ್ದ. ನಮಗ ಒಂದ ಮಾತ ಹೇಳದಂಗ ಎಮ್ಮಿ ತೊಗೊಂಡ್ರಿ, ಗಿಣ್ಣ ಸೈತ ಕಳಸಲಿಲ್ಲ ಅಂತ ಸಿಟ್ಟಾಗ್ಯಾನ.”

ನನ್ನ ತಲೆಯೊಳಗೆ ಶಾಂತಕ್ಕನ ಕಣ್ಣೀರು ಮತ್ತೊಮ್ಮೆ ಹರಿಯಿತು. ಅದು ಅಭಿನಯವಾಗಿರಲಿಲ್ಲ. ಒಯ್ದ ಎಂದದ್ದನ್ನು ಅವರು ಕದ್ದೊಯ್ದ ಎಂದೇ ತಿಳಿದಿದ್ದರು. ಅಭಿನಯ ಮಾಡಿದವಳು ನಾನೊಬ್ಬಳೇ.

ಈಗಲೇ ಓಡಿಹೋಗಿ ಶಾಂತಕ್ಕನಿಗೆ ನಿಜ ಹೇಳಬೇಕೆಂದು ಚಪ್ಪಲಿ ಮೆಟ್ಟಿದೆ. ಗೇಟು ತೆರೆದರೆ ಎದುರಿಗೆ ಎಮ್ಮೆ ನಿಂತಿತ್ತು!

ಕರಿ ಎಮ್ಮೆ. ಹಣೆಯ ಮೇಲೆ ಬಿಳಿ ಚುಕ್ಕೆ. ಎಡಗಡೆಯ ಕೋಡು ಡೊಂಕು. ಹಗ್ಗದ ಇನ್ನೊಂದು ತುದಿಯಲ್ಲಿ ಶಾಂತಕ್ಕನ ತಮ್ಮ ಮಲ್ಲಪ್ಪ ಬೆವರಿ ನಿಂತಿದ್ದ. ಅಂಗಿಯ ಒಂದು ತೋಳು ಹರಿದಿತ್ತು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಸಿಕ್ತು ನೋಡ್ರಿ ಟೀಚರ್ ನಿಮ್ಮ ಸುಂದ್ರವ್ವ! ಇಂಡಿ ರೋಡಿನ ಬಾಜೂಕ ಕಬ್ಬಿನಾಗ ಹೊಕ್ಕಿತ್ತು. ಭಾಳ ತ್ರಾಸ ಕೊಡ್ತು.”

ಅವನ ಹಿಂದೆ ಅರ್ಧ ಓಣಿ. ಮುಂದೆ ಶಾಂತಕ್ಕ, ಕೈಯಲ್ಲಿ ಆರತಿ ತಟ್ಟೆ. ಎಲ್ಲರ ಮುಖದಲ್ಲೂ ಸಂತೋಷ. ಊರಿಗೆ ಬಂದು ಇಷ್ಟು ದಿನವಾದರೂ ಅವರಲ್ಲಿ ಅನೇಕರ ಹೆಸರೂ ನನಗೆ ಗೊತ್ತಿರಲಿಲ್ಲ. ನಮ್ಮ ಹಿತ್ತಲಲ್ಲಿ ಏನಿದೆ, ಏನಿಲ್ಲ ಎಂಬುದು ಅವರಿಗೂ ಗೊತ್ತಿರಲಿಲ್ಲ. ಅವರು ನನ್ನ ಎಮ್ಮೆಗಾಗಿ ರವಿವಾರದ ಮಧ್ಯಾಹ್ನ ಬಿಸಿಲಲ್ಲಿ ಹುಡುಕಾಡಿ ಬಂದಿದ್ದರು.

ಆ ಗಳಿಗೆಯಲ್ಲಿ ನಾನು ನಿಜ ಹೇಳಬಹುದಿತ್ತು. ಆದರೆ ಮಲ್ಲಪ್ಪನ ಬರಿಗಾಲು ಕಂಡಿತು.

“ಭಾಳ ಉಪಕಾರ ಆತ್ರಿ” ಎಂದೆ.

ಎಮ್ಮೆಯನ್ನು ನಮ್ಮ ಗೇಟಿಗೆ ಕಟ್ಟಿದರು. ಶಾಂತಕ್ಕ ಆರತಿ ಬೆಳಗಿದರು. ಬಿಳಿ ಚುಕ್ಕೆಯ ಮೇಲೆ ಕುಂಕುಮ ಇಟ್ಟರು. ನಾನು ಕೈ ಮುಗಿದು ನಿಂತೆ. ಎಮ್ಮೆ ನಮ್ಮ ಡೋರ್‌ಮ್ಯಾಟ್ ತಿನ್ನತೊಡಗಿತು.

ಅಷ್ಟರಲ್ಲಿ ಒಂದು ಮೋಟರ್‌ಸೈಕಲ್ ಬಂದು ನಿಂತಿತು. ಇಳಿದವನು ಒಬ್ಬ ರೈತ. ಟವೆಲ್ ತಲೆಗೆ ಸುತ್ತಿದ್ದ. ಎಮ್ಮೆಯನ್ನು ನೋಡಿದ, ನಮ್ಮನ್ನು ನೋಡಿದ.

“ನನ್ನ ಎಮ್ಮಿಗೆ ಕುಂಕುಮ ಹಚ್ಚಿದವರು ಯಾರ್ರಿ?”

“ನಿನ್ನ ಎಮ್ಮಿ?” ಮಲ್ಲಪ್ಪ ಮುಂದೆ ಬಂದ. “ಇದು ಟೀಚರ್ ಎಮ್ಮಿ. ಎಲ್ಲಿಂದ ತಂದಿದ್ದಿ ಇದನ್ನ?”

“ಝಳಕಿಂದ. ನಮ್ಮ ಬೀಗರ ಕಡೆಯಿಂದ.”

ಝಳಕಿ ಎಂಬ ಶಬ್ದ ಅವನ ಬಾಯಿಂದ ಬಿದ್ದದ್ದೇ ತಡ, ಓಣಿ ಒಂದೇ ದನಿಯಲ್ಲಿ “ಸಿಕ್ಕ!” ಎಂದಿತು. ಮಲ್ಲಪ್ಪ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ರೈತನೂ ಬಿಡುವ ಆಳಲ್ಲ. ಮಲ್ಲಪ್ಪನ ಅಂಗಿಯ ಉಳಿದ ತೋಳನ್ನು ಹಿಡಿದ. “ಕಳ್ಳರು ನೀವು!” “ಕಳ್ಳ ನೀನು!” ಯಾರೋ ಮೋಟರ್‌ಸೈಕಲ್ಲಿನ ಕೀಲಿ ಕಿತ್ತುಕೊಂಡರು. “ಟೀಚರ್ ಸುಳ್ಳ ಹೇಳ್ತಾರೇನೋ? ಸಾಲಿ ಕಲಿಸೋರು ಅವರು!” ಎಂದು ಒಬ್ಬರು ಕೂಗಿದರು. ನನ್ನನ್ನು ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

“ಬಿಡ್ರಿ ಅವನ್ನ!” ಎಂದು ಕಿರುಚಿದೆ. “ಅದು ನನ್ನ ಎಮ್ಮಿ ಅಲ್ರಿ.”

ಮಲ್ಲಪ್ಪ ಕೈ ಸಡಿಲಿಸದೆ ತಿರುಗಿದ. “ಮತ್ತ ನಿಮ್ಮದು ಎಲ್ಲಿ ಹೋತ್ರಿ?”

“ನಮ್ಮದು ಇಲ್ರಿ.”

“ಇಲ್ಲ ಅಂತನ ಹುಡುಕಾಕತ್ತೇವ್ರಿ!”

“ಹಂಗಲ್ರಿ. ಮದಲಿಂದನೂ ಇದ್ದಿದ್ದಿಲ್ರಿ.”

ಡೋರ್‌ಮ್ಯಾಟ್ ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಗೇಟಿನ ಹಿಂದೆ ನಿಂತು, ಮಕ್ಕಳ ಕಲ್ಪನಾಶಕ್ತಿ, ಅದರಿಂದ ಸಾಮಾಜಿಕ ಕೌಶಲಕ್ಕೆ ಉಂಟಾಗುವ ತೊಡಕು, ಆ ತೊಡಕನ್ನು ನಿವಾರಿಸಲು ನಾನು ಕೈಗೊಂಡ ಕ್ರಮಗಳು ಎಂದು ಕ್ರಮವಾಗಿ ವಿವರಿಸಿದೆ. ಎಲ್ಲರೂ ಕೊನೆಯವರೆಗೂ ಕೇಳಿದರು. ನನ್ನ ತರಗತಿಯಲ್ಲಿ ಯಾರೂ ಎಂದೂ ಅಷ್ಟು ನಿಶ್ಶಬ್ದವಾಗಿ ಕೇಳಿದ್ದಿಲ್ಲ.

“ಮತ್ತ ಆ ಝಳಕಿಯವ?” ಎಂದ ರೈತ, ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ.

“ಅವನೂ ಇಲ್ರಿ.”

ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಆಮೇಲೆ ಇನ್ನೊಬ್ಬರು. ನಗು ಓಣಿಯ ತುಂಬ ಹಬ್ಬಿತು. ನಗದೆ ಉಳಿದವರು ಶಾಂತಕ್ಕ ಒಬ್ಬರೇ.

“ಅಂದ್ರ… ಮುಂಜಾನೆ ನಾ ಅತ್ತಿದ್ದು?” ಎಂದರು.

ಅವರು ಆರತಿ ತಟ್ಟೆಯನ್ನು ಕಂಪೌಂಡಿನ ಮೇಲಿಟ್ಟು, ಹಿಂದೆ ನೋಡದೆ ಮನೆಗೆ ನಡೆದರು.

ಇಷ್ಟು ಹೊತ್ತು ಸನ್ನಿಧಿ ಎಲ್ಲಿದ್ದಳು ಎಂದು ನಾನು ನೋಡಿಯೇ ಇರಲಿಲ್ಲ. ಅವಳು ಎಮ್ಮೆಯ ಮುಂದೆ ನಿಂತಿದ್ದಳು. ಸುತ್ತ ಓಣಿಯ ಮಕ್ಕಳು.

“ಇದಲ್ಲೇನು ನಿಮ್ಮ ಎಮ್ಮಿ?” ಎಂದು ಭಾಗ್ಯ ಕೇಳುತ್ತಿದ್ದಳು.

“ಅಲ್ಲ. ಇದು ಬ್ಯಾರೆ. ಮಂದಿ ಒದರಾಕತ್ತಾರಂತ ಇದಕ್ಕ ಅಂಜಿಕಿ ಆಗೈತಿ. ಕಿವಿ ನೋಡು. ನೀರಡಿಕೀನೂ ಆಗೈತಿ.”

ಭಾಗ್ಯ ಕಿವಿ ನೋಡಿದಳು. ಎಲ್ಲ ಮಕ್ಕಳೂ ಕಿವಿ ನೋಡಿದರು. ಆಮೇಲೆ ನಮ್ಮ ಬಕೆಟ್ಟು ಎಲ್ಲಿಂದಲೋ ಹೊರಬಂತು. ಇಬ್ಬರು ಹಿಡಿದರು, ಉಳಿದವರು ದಾರಿ ಬಿಡಿಸಿದರು. ಎಮ್ಮೆ ಒಂದೇ ಉಸಿರಿಗೆ ನೀರು ಕುಡಿಯಿತು. ರೈತನೂ ನೋಡುತ್ತ ನಿಂತ. ಮಲ್ಲಪ್ಪ ತಾನೇ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟ. “ತಪ್ಪ ತಿಳಕೋಬ್ಯಾಡ್ರಿ” ಎಂದ. ನನ್ನ ಪರವಾಗಿ ಅವನು ಕ್ಷಮೆ ಕೇಳುತ್ತಿದ್ದ. ನಾನೂ ಕೇಳಿದೆ, ರೈತನಿಗೂ ಅವನಿಗೂ.

ಎಮ್ಮೆ ಹೋದ ಮೇಲೆ ಮಕ್ಕಳು ಮೆಟ್ಟಿಲ ಮೇಲೆ ಕುಳಿತರು.

“ನಿಮ್ಮದು ಖರೇನ ನಕ್ಕೋತ ಹೋತಾ?” ಎಂದಳು ಭಾಗ್ಯ.

ಸನ್ನಿಧಿ ನನ್ನ ಕಡೆ ಒಮ್ಮೆ ನೋಡಿದಳು. “ಅವ್ವಗ ಗೊತ್ತಿಲ್ಲ. ಅದು ಅತಗೊಂತ ಹೋಗೈತಿ. ನಾ ಸಾಲ್ಯಾಗಿದ್ದೆ, ಅದಕ್ಕ ನನಗ ಕೇಳಿಸಿಲ್ಲ.”

“ಹಂಗಾದ್ರ ಕರಕೊಂಡ ಬರೂಣು ನಡಿ.”

ಝಳಕಿ ಎಲ್ಲಿದೆ ಎಂದು ಚರ್ಚೆಯಾಯಿತು. ಓಣಿಯ ಕೊನೆಯ ಬೇವಿನ ಗಿಡ ಝಳಕಿ ಎಂದು ತೀರ್ಮಾನವಾಯಿತು. ಒಬ್ಬ ಬಸ್ ಡ್ರೈವರ್ ಆದ, ಒಬ್ಬಳು ಕಂಡಕ್ಟರ್. ನನಗೆ ತಡೆಯಲಾಗಲಿಲ್ಲ.

“ನಾನೂ ಬರ್ತೇನಿ” ಎಂದೆ.

ಭಾಗ್ಯ ಗಂಭೀರವಾಗಿ ತಲೆ ಅಲ್ಲಾಡಿಸಿದಳು. “ಬ್ಯಾಡ್ರಿ ಟೀಚರ್. ಮಾರಿದವರು ನೀವು.”

ಬಸ್ಸು ಹೊರಟಿತು. ಬೇವಿನ ಗಿಡದ ಹತ್ತಿರ ಬಹಳ ಹೊತ್ತು ಮಾತುಕತೆಯಾಯಿತು. ಮರಳಿ ಬರುವಾಗ ಎಲ್ಲರೂ ಒಂದೇ ಹಗ್ಗವನ್ನು ಹಿಡಿದಿದ್ದರು. ಹಗ್ಗ ಕಾಣುತ್ತಿರಲಿಲ್ಲ, ಆದರೆ ಎಲ್ಲರ ಕೈಗಳೂ ಒಂದೇ ಸಾಲಿನಲ್ಲಿದ್ದವು. ಮೆರವಣಿಗೆ ನಮ್ಮ ಮನೆ ದಾಟಿ ಮುಂದೆ ಹೋಯಿತು. ಶಾಂತಕ್ಕನ ಬಾಗಿಲ ಮುಂದೆ ನಿಂತಿತು. ನಾನು ಬೆನ್ನ ಹಿಂದೆ ಓಡಿದೆ. ಇನ್ನೊಂದು ಅನಾಹುತ ಬೇಡವಾಗಿತ್ತು.

ಶಾಂತಕ್ಕ ಹೊರಗೆ ಬಂದರು. ಕಣ್ಣುಗಳು ಕೆಂಪಾಗಿದ್ದವು. ಸನ್ನಿಧಿ ಮುಂದೆ ಹೋಗಿ ಅವರ ಸೀರೆಯ ನೆರಿಗೆ ಹಿಡಿದಳು.

“ಆಯಿ, ನೀ ಅತ್ತಿದ್ದು ಸುಂದ್ರವ್ವಗ ಗೊತ್ತಾಗೈತಿ. ಅದಕ್ಕ ತಿರುಗಿ ಬಂದೈತಿ.”

ಶಾಂತಕ್ಕ ಅವಳನ್ನು ನೋಡಿದರು. ಅವಳ ಹಿಂದಿನ ಖಾಲಿ ಜಾಗವನ್ನು ನೋಡಿದರು. ತುಟಿ ಬಿಗಿಹಿಡಿದು ನಿಂತವರು, ಆಮೇಲೆ ನಿಧಾನವಾಗಿ ಬಗ್ಗಿ, ಆ ಖಾಲಿ ಜಾಗದ ಬೆನ್ನು ಸವರಿದರು.

“ಭಾಳ ಸೊರಗೈತವ್ವ” ಎಂದರು. “ಆ ಝಳಕಿಯವ ಹೊಟ್ಟಿಗೆ ಹಾಕಿಲ್ಲ ಕಾಣತೈತಿ.”

ಬೆಳಿಗ್ಗೆ ನಾನು ಯಾವುದನ್ನು ಅಭಿನಯ ಎಂದುಕೊಂಡಿದ್ದೆನೋ ಅದು ಈಗ ನಿಜವಾಗಿ ನಡೆಯುತ್ತಿತ್ತು. ನನ್ನ ಕಣ್ಣಲ್ಲೂ ನೀರು ಬಂತು, ಸೆರಗು ಒತ್ತದೆಯೇ. ಶಾಂತಕ್ಕ ಅಂದು ನನ್ನೊಡನೆ ಮಾತನಾಡಲಿಲ್ಲ. ನಾನು ಅವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, ವಿವರಣೆ ಕೊಡದೆ ಬರೀ ತಪ್ಪಾಯಿತು ಎಂದ ಮೇಲೆ ಚಹಾ ಕೊಟ್ಟರು.

ಈಗ ಸಂಜೆಯಾದರೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಶಾಲೆಯಲ್ಲೂ ಸನ್ನಿಧಿಯ ಪಕ್ಕ ಯಾರು ಕೂಡಬೇಕೆಂದು ಜಗಳವಂತೆ. ಎಮ್ಮೆ ಯಾರ ಕಡೆ ಮುಖ ಮಾಡಿ ಮಲಗಬೇಕೆಂದೂ ಜಗಳವಂತೆ. ಜಗಳವನ್ನು ಅವಳೇ ಬಗೆಹರಿಸುತ್ತಾಳೆ ಎಂದು ಮಿಸ್ ಹೇಳಿದರು. ಮನೆಯಲ್ಲಿ ಯಾವ ವಿಧಾನ ಅನುಸರಿಸಿದಿರಿ ಎಂದು ಕೇಳಿದರು. ನಾನು ತುರ್ತು ಕೆಲಸವಿದೆಯೆಂದು ಎದ್ದು ಬಂದೆ.

ಮಕ್ಕಳು ನನ್ನನ್ನು ಬಹಳ ದಿನ ಆಟಕ್ಕೆ ಸೇರಿಸಲಿಲ್ಲ. ಮೊನ್ನೆ ರವಿವಾರ, ಅಂಗಳದಲ್ಲಿ ದೊಡ್ಡ ಸಮಾಲೋಚನೆ ನಡೆದು, ಭಾಗ್ಯ ಬಾಗಿಲಿಗೆ ಬಂದಳು.

“ಟೀಚರ್, ಇವತ್ತ ನೀವೂ ಆಟಕ್ಕ ಬರ್ರಿ.”

ನನಗಾದ ಸಂತೋಷವನ್ನು ವರ್ಣಿಸಲಾರೆ. ಸೀರೆ ಸರಿಮಾಡಿಕೊಂಡು, ಹೇಳಬೇಕಾದ ಒಂದೆರಡು ಸಂಭಾಷಣೆಗಳನ್ನೂ ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡು ಅಂಗಳಕ್ಕೆ ಇಳಿದೆ.

“ನಾ ಏನಾಗಬೇಕು?”

“ಗೂಟ. ಎಮ್ಮಿ ಕಟ್ಟಾಕ ಗೂಟ ಇಲ್ರಿ. ಇಲ್ಲೇ ಸುಮ್ನ ನಿಂದರ್‍ರಿ. ಗೂಟ ಮಾತಾಡಬಾರದು.”

ಎಂ.ಎಸ್ಸಿ., ಬಿ.ಎಡ್. ಮುಗಿಸಿದ ನಾನು ಅಂಗಳದ ನಡುವೆ ನೆಟ್ಟಗೆ ನಿಂತೆ. ಸನ್ನಿಧಿ ಬಂದು ನನ್ನ ಮೊಣಕೈಗೆ ಹಗ್ಗ ಸುತ್ತಿದಂತೆ ಮಾಡಿ, ಗಂಟು ಹಾಕಿ, ಜಗ್ಗಿ ನೋಡಿದಳು. ಗೇಟಿನ ಆಚೆ ಶಾಂತಕ್ಕ, ಮಲ್ಲಪ್ಪ, ಆಗಷ್ಟೇ ಬೈಕ್ ನಿಲ್ಲಿಸಿದ ನನ್ನ ಗಂಡ, ಎಲ್ಲರೂ ನೋಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅವ್ವ, ಗೂಟ ನಗಬಾರದು. ನಿನಗ ಇಷ್ಟೂ ಬರಂಗಿಲ್ಲಲ್ಲ!”